ಬೆಣ್ಣೆ, ಹಂದಿ, ಇನ್ಸುಲಿನ್: ಒಂದು ಪುಟ್ಟ ದೇಶದ ಕಥೆ



ನಮ್ಮ ಸಂಘದ ಯುಗಾದಿಯಿರಲಿ, ದೀಪಾವಳಿಯಿರಲಿ, ಊಟದ ಸಾಲಿನಲ್ಲಿ ನಿಂತಾಗ ನನಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ಮೊದಲನೆಯದು, "ಡಾಕ್ಟ್ರೇ, ಒಂದೇ ಒಂದು ಹೋಳಿಗೆ ತಿಂದರೆ ಏನಾಗುತ್ತೆ?" ಎರಡನೆಯದು ಈಚಿನ ವರ್ಷಗಳದ್ದು, "ವಾರಕ್ಕೊಂದು ಇಂಜೆಕ್ಷನ್ ಅಂತಾರಲ್ಲ, ಅದು ಎಲ್ಲಿಂದ ಬಂತು?" ಮೊದಲ ಪ್ರಶ್ನೆಗೆ ಉತ್ತರ ಕೇಳುವವರಿಗೇ ಗೊತ್ತಿರುತ್ತದೆ. ಎರಡನೆಯದಕ್ಕೆ ಕೈಯಲ್ಲಿ ತಟ್ಟೆ ಹಿಡಿದು ಉತ್ತರ ಹೇಳಲಾಗದು. ಆದ್ದರಿಂದ ಈ ಲೇಖನ.

ಆ ಇಂಜೆಕ್ಷನ್ ಡೆನ್ಮಾರ್ಕ್ ದೇಶದ್ದು. ಔಷಧದ ಹೆಸರು ಸೆಮಾಗ್ಲುಟೈಡ್. ಆ ದೇಶದ ಜನಸಂಖ್ಯೆ ಸುಮಾರು 60 ಲಕ್ಷ, ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅದರ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ರೆಸಿಡೆನ್ಸಿಯ ಮೊದಲ ವರ್ಷದಲ್ಲಿ. ಒಂದು ಬೆಳಿಗ್ಗೆ ರೌಂಡ್ಸ್ ವೇಳೆ ನಾನು ರೋಗಿಯ ಚಾರ್ಟಿನಲ್ಲಿ 'ಎನ್‌ಪಿಎಚ್ ಇನ್ಸುಲಿನ್' ಎಂದು ಬರೆದಿದ್ದನ್ನು ನೋಡಿ ಹಿರಿಯ ವೈದ್ಯರು, "ಎಚ್ ಅಂದರೆ ಏನು?" ಎಂದರು. ಎಂಬಿಬಿಎಸ್ ಓದುವಾಗ ನೂರು ಸಲ ಬರೆದಿದ್ದ ಅಕ್ಷರ. ಅರ್ಥ ಮಾತ್ರ ಗೊತ್ತಿರಲಿಲ್ಲ. ಅದು ಹಾಗೆಡೋರ್ನ್ ಎಂಬ ಡೆನ್ಮಾರ್ಕಿನ ವೈದ್ಯನ ಹೆಸರು ಎಂದು ಅವರೇ ಹೇಳಿದರು. ಇನ್ಸುಲಿನ್ ಕಂಡುಹಿಡಿದದ್ದು ಕೆನಡಾದಲ್ಲಿ. ಹಾಗಿದ್ದಮೇಲೆ ಡೆನ್ಮಾರ್ಕಿನವನ ಹೆಸರು ಅದರ ಮೇಲೆ ಹೇಗೆ ಬಂತು?

ಉತ್ತರ ಹುಡುಕಿ ಹೊರಟರೆ ಆಸ್ಪತ್ರೆಗಿಂತ ಮೊದಲು ಗದ್ದೆ, ಕೊಟ್ಟಿಗೆಗಳಿಗೆ ಹೋಗಬೇಕಾಗುತ್ತದೆ. 1864ರಲ್ಲಿ ಡೆನ್ಮಾರ್ಕ್ ಪ್ರಷ್ಯಾ ಮತ್ತು ಆಸ್ಟ್ರಿಯಾಗಳೊಡನೆ ಯುದ್ಧದಲ್ಲಿ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಪ್ರಾಂತ್ಯಗಳನ್ನು ಕಳೆದುಕೊಂಡಿತು. ಆ ಗಾಯ ಮಾಯುವ ಮೊದಲೇ ಇನ್ನೊಂದು ಪೆಟ್ಟು ಬಿತ್ತು. 1870ರ ದಶಕದಲ್ಲಿ ರೈಲು ಮತ್ತು ಉಗಿಹಡಗುಗಳ ದೆಸೆಯಿಂದ ಅಮೆರಿಕ ಮತ್ತು ರಷ್ಯಾದ ಅಗ್ಗದ ಧಾನ್ಯ ಯುರೋಪಿನ ಮಾರುಕಟ್ಟೆಗೆ ನುಗ್ಗಿತು. ಧಾನ್ಯ ಮಾರಿ ಬದುಕುತ್ತಿದ್ದ ಡೇನಿಷ್ ರೈತ ಕಂಗಾಲಾದ. ಜಾಗತೀಕರಣ ಎಂಬ ಪದ ಆಗ ಬಳಕೆಗೆ ಬಂದಿರಲಿಲ್ಲ. ಆದರೆ ಅದರ ಬಿಸಿ ತಟ್ಟಿಯಾಗಿತ್ತು.

ಹಲವು ದೊಡ್ಡ ದೇಶಗಳು ಆಮದಿನ ಮೇಲೆ ಸುಂಕ ಹೇರಿ ಬಾಗಿಲು ಹಾಕಿಕೊಂಡವು. ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. ಅಗ್ಗದ ಧಾನ್ಯ ಬರಲಿ, ಅದನ್ನು ದನ ಮತ್ತು ಹಂದಿಗಳಿಗೆ ಹಾಕೋಣ, ಬೆಣ್ಣೆ ಮತ್ತು ಬೇಕನ್ ಮಾಡಿ ಇಂಗ್ಲೆಂಡಿಗೆ ಮಾರೋಣ ಎಂದಿತು. ಆದರೆ ನಾಲ್ಕು ಹಸುವಿನ ರೈತ ಲಂಡನ್ನಿನ ಗ್ರಾಹಕ ಮೆಚ್ಚುವ ಬೆಣ್ಣೆ ಮಾಡುವುದು ಹೇಗೆ? ಕೆನೆ ತೆಗೆಯುವ ಯಂತ್ರ ಆಗ ತಾನೇ ಬಂದಿತ್ತು, ಅದನ್ನು ಕೊಳ್ಳುವ ಶಕ್ತಿ ಒಬ್ಬನಿಗಿರಲಿಲ್ಲ. 1882ರಲ್ಲಿ ಪಶ್ಚಿಮ ಜಟ್‌ಲ್ಯಾಂಡಿನ ಯೆಡ್ಡಿಂಗ್ ಎಂಬ ಹಳ್ಳಿಯವರು ಒಟ್ಟಾಗಿ ಮೊದಲ ಸಹಕಾರಿ ಡೇರಿ ತೆರೆದರು. ನಲವತ್ತು ಹಸುವಿನ ಜಮೀನುದಾರನಿಗೂ ನಾಲ್ಕು ಹಸುವಿನವನಿಗೂ ಒಂದೇ ಮತ ಎಂಬುದು ಈ ಸಂಘಗಳ ನಿಯಮವಾಯಿತು.

ಸಸ್ಯಾಹಾರಿ ಓದುಗರು ಕ್ಷಮಿಸಬೇಕು, ಇಲ್ಲಿಂದ ಮುಂದೆ ಹಂದಿಯಿಲ್ಲದೆ ಕಥೆ ಸಾಗುವುದಿಲ್ಲ. 1887ರಲ್ಲಿ ಜರ್ಮನಿ ಡೆನ್ಮಾರ್ಕಿನ ಜೀವಂತ ಹಂದಿಗಳ ಆಮದನ್ನು ನಿಷೇಧಿಸಿತು. ಅದೇ ವರ್ಷ ಹೋರ್ಸೆನ್ಸ್ ಪಟ್ಟಣದಲ್ಲಿ ರೈತರು ಸಹಕಾರಿ ಕಸಾಯಿಖಾನೆ ಕಟ್ಟಿದರು. ನಂತರ ದೇಶದ ಉದ್ದಗಲಕ್ಕೂ ಅಂಥವು ಎದ್ದವು.

ಈ ರೈತರು ಇಷ್ಟು ಬೇಗ ಕಲಿತದ್ದು ಹೇಗೆ ಎಂದು ಕೇಳಬಹುದು. ಪಾದ್ರಿ ಗ್ರುಂಟ್ವಿಗ್ ಅವರ ವಿಚಾರದಂತೆ 1844ರಿಂದಲೇ ಅಲ್ಲಿ 'ಜನತಾ ಪ್ರೌಢಶಾಲೆ'ಗಳು ಹುಟ್ಟಿದ್ದವು. ರೈತರ ಮಕ್ಕಳು ಚಳಿಗಾಲದಲ್ಲಿ ಅಲ್ಲಿ ತಂಗಿ ತಮ್ಮದೇ ಭಾಷೆಯಲ್ಲಿ ಇತಿಹಾಸ, ಸಾಹಿತ್ಯ, ಲೋಕಜ್ಞಾನ ಕಲಿಯುತ್ತಿದ್ದರು, ಪರೀಕ್ಷೆಯಿಲ್ಲ, ರ‍್ಯಾಂಕಿಲ್ಲ. ಸಭೆಯಲ್ಲಿ ಎದ್ದು ಮಾತಾಡುವ ಧೈರ್ಯವೂ ಅಲ್ಲೇ ಬರುತ್ತಿತ್ತು. ಇತ್ತ ಕೋಪನ್‌ಹೇಗನ್‌ನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಯಾಕೊಬ್ಸೆನ್ 1875ರಲ್ಲಿ ಒಂದು ಪ್ರಯೋಗಾಲಯ ತೆರೆದು, ಮರುವರ್ಷ ವಿಜ್ಞಾನಕ್ಕಾಗಿ ಒಂದು ಪ್ರತಿಷ್ಠಾನ ಸ್ಥಾಪಿಸಿದ. ವೈದ್ಯರು ದಿನಕ್ಕೆ ಹತ್ತು ಸಲ ಹೇಳುವ 'ಪಿಎಚ್' ಎಂಬ ಅಳತೆ 1909ರಲ್ಲಿ ಹುಟ್ಟಿದ್ದು ಈ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲೇ, ಸೋರೆನ್ಸೆನ್ ಎಂಬ ವಿಜ್ಞಾನಿಯಿಂದ.

ಈಗ ಇನ್ಸುಲಿನ್ನಿಗೆ ಬರೋಣ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದೇ ವರ್ಷದ ಕೊನೆಯಲ್ಲಿ, 1920ರ ನೊಬೆಲ್ ಪಡೆದಿದ್ದ ಡೇನಿಷ್ ವಿಜ್ಞಾನಿ ಆಗಸ್ಟ್ ಕ್ರೋಗ್ ಉಪನ್ಯಾಸಕ್ಕೆಂದು ಅಮೆರಿಕಕ್ಕೆ ಬಂದಿದ್ದರು. ಜೊತೆಯಲ್ಲಿದ್ದ ಪತ್ನಿ ಮೇರಿ ಸ್ವತಃ ವೈದ್ಯೆ, ಅವರಿಗೇ ಸಕ್ಕರೆ ಕಾಯಿಲೆ. ಟೊರಾಂಟೊಗೆ ಹೋಗಿಯೇ ಬರೋಣ ಎಂದು ಪಟ್ಟು ಹಿಡಿದದ್ದು ಆಕೆ. ಸಂಶೋಧಕರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟ ಕಾಲ ಅದು. ಕ್ರೋಗ್ ತಮ್ಮ ನಾಡಿನಲ್ಲಿ ಇನ್ಸುಲಿನ್ ತಯಾರಿಸಲು ಅನುಮತಿ ಪಡೆದು ಊರಿಗೆ ಮರಳಿದರು.

ಮುಂದಿನದು ಹಿಂದಿನ ನಲವತ್ತು ವರ್ಷಗಳ ಫಲ. ಇನ್ಸುಲಿನ್ ತೆಗೆಯಲು ಬೇಕಾದದ್ದು ಪ್ರಾಣಿಯ ಮೇದೋಜೀರಕ ಗ್ರಂಥಿ, ಅದೂ ತಾಜಾ, ಅದೂ ರಾಶಿಗಟ್ಟಲೆ. ಸುಮಾರು 33 ಲಕ್ಷ ಜನರ ಆ ದೇಶದಲ್ಲಿ ಸಹಕಾರಿ ಕಸಾಯಿಖಾನೆಗಳಿಗೆ ದಿನವೂ ಹಂದಿಗಳು ಬರುತ್ತಿದ್ದವು. ಜೊತೆಗೆ ರಸಾಯನಶಾಸ್ತ್ರ ಬಲ್ಲವರೂ, ಹಣ ಹಾಕುವ ಔಷಧ ವ್ಯಾಪಾರಿಯೂ ಇದ್ದರು. ಸಕ್ಕರೆ ಕಾಯಿಲೆಯ ವೈದ್ಯ ಹಾಗೆಡೋರ್ನ್ ಕ್ರೋಗ್ ಜೊತೆ ಸೇರಿ 1922ರ ಡಿಸೆಂಬರಿನಲ್ಲೇ ಇನ್ಸುಲಿನ್ ತೆಗೆದರು. 1923ರಲ್ಲಿ ರೋಗಿಗಳಿಗೆ ಕೊಟ್ಟರು, ನಾರ್ಡಿಸ್ಕ್ ಸಂಸ್ಥೆ ಹುಟ್ಟಿತು. ಅಲ್ಲಿ ಕೆಲಸಕ್ಕಿದ್ದ ಪೆಡರ್ಸನ್ ಸಹೋದರರು ಮನಸ್ತಾಪದಿಂದ ಹೊರಬಂದು 1925ರಲ್ಲಿ 'ನೋವೊ' ಎಂಬ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದರು. ಪುಟ್ಟ ದೇಶದಲ್ಲಿ ಎರಡು ಇನ್ಸುಲಿನ್ ಕಂಪನಿಗಳು ಆರು ದಶಕಗಳಿಗೂ ಹೆಚ್ಚು ಕಾಲ ಪೈಪೋಟಿ ನಡೆಸಿ 1989ರಲ್ಲಿ ಒಂದಾದವು.

ಪೈಪೋಟಿಯಿಂದ ರೋಗಿಗಳಿಗೆ ಲಾಭವಾಯಿತು. 1936ರಲ್ಲಿ ಹಾಗೆಡೋರ್ನ್ ಮೀನಿನಿಂದ ತೆಗೆದ ಪ್ರೋಟಮೀನ್ ಬೆರೆಸಿ, ಹೆಚ್ಚು ಹೊತ್ತು ಕೆಲಸ ಮಾಡುವ ಇನ್ಸುಲಿನ್ ಕೊಟ್ಟರು. 1946ರಲ್ಲಿ ಅವರ ಸಂಸ್ಥೆಯಿಂದ ಎನ್‌ಪಿಎಚ್ ಬಂತು. ಎರಡೂ ಕಂಪನಿಗಳು ತಮ್ಮದೇ ಮಧುಮೇಹದ ಆಸ್ಪತ್ರೆಗಳನ್ನು ನಡೆಸಿದವು. ನಾರ್ಡಿಸ್ಕ್‌ನವರ ಸ್ಟೆನೊ ಆಸ್ಪತ್ರೆ 1932ರದು. ಹೀಗೆ ಔಷಧ ಮಾಡುವವರು, ಬರೆದುಕೊಡುವವರು, ಚುಚ್ಚಿಕೊಳ್ಳುವವರು ಹತ್ತಿರದಲ್ಲೇ ಇದ್ದರು. ಒಬ್ಬರ ಕಷ್ಟ ಇನ್ನೊಬ್ಬರ ಕಿವಿಗೆ ಬೇಗ ಬೀಳುತ್ತಿತ್ತು.

ಇದನ್ನೇ ಅರ್ಥಶಾಸ್ತ್ರಜ್ಞರು 'ರಾಷ್ಟ್ರೀಯ ನಾವೀನ್ಯ ವ್ಯವಸ್ಥೆ' ಎನ್ನುತ್ತಾರೆ. ಈ ವಿಚಾರವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಲುಂಡ್‌ವಾಲ್ ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದವರೇ. ಅವರು ಸಂಪಾದಿಸಿದ ಪುಸ್ತಕ 1992ರಲ್ಲಿ ಬಂತು. ಅವರ ವಾದ ಸರಳವಾಗಿದೆ. ಹೊಸತು ಒಬ್ಬ ಮೇಧಾವಿಯ ತಲೆಯಿಂದ ಮಾತ್ರ ಬರುವುದಿಲ್ಲ. ಮಾಡುವವನೂ ಬಳಸುವವನೂ ಒಬ್ಬರಿಂದೊಬ್ಬರು ಕಲಿಯುವಲ್ಲಿ ಬರುತ್ತದೆ. ಪುಟ್ಟ ದೇಶ ಎಲ್ಲವನ್ನೂ ತಾನೇ ಕಂಡುಹಿಡಿಯಲಾರದು. ಎಲ್ಲೋ ಹುಟ್ಟಿದ ಜ್ಞಾನವನ್ನು ಬೇಗ ತಂದು, ತನ್ನದಾಗಿಸಿಕೊಂಡು, ಉತ್ತಮಪಡಿಸುವ ಸಿದ್ಧತೆ ಇದ್ದರೆ ಸಾಕು. ಇನ್ಸುಲಿನ್ ಅದಕ್ಕೆ ಸಾಕ್ಷಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಒಂದು ಡಾಲರಿಗೆ ಕೈಬಿಟ್ಟ ಔಷಧದ ಬೆಲೆ ಅಮೆರಿಕದಲ್ಲಿ ಎಷ್ಟು ಏರಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ಅನುಭವದಿಂದಲೇ ಗೊತ್ತು. 2023ರಲ್ಲಿ ಮೂರು ದೊಡ್ಡ ತಯಾರಕರೂ ಪಟ್ಟಿಬೆಲೆ ಇಳಿಸುವುದಾಗಿ ಸಾರಬೇಕಾಯಿತು. ಒಂದು ದೇಶದ ಒಳಗೆ ಬೆಳೆದ ನಂಟು ಸಾಗರದಾಚೆಯ ರೋಗಿಯನ್ನು ತಲುಪುವಷ್ಟರಲ್ಲಿ ತೆಳುವಾಗಿರುತ್ತದೆ. ಡೆನ್ಮಾರ್ಕಿಗೂ ಅಪಾಯ ತಪ್ಪಲಿಲ್ಲ. 2023ರಲ್ಲಿ ನೋವೊ ನಾರ್ಡಿಸ್ಕ್ ಕಂಪನಿಯ ಷೇರುಗಳ ಒಟ್ಟು ಮೌಲ್ಯ ಇಡೀ ದೇಶದ ವಾರ್ಷಿಕ ಉತ್ಪನ್ನವನ್ನೂ ಮೀರಿತ್ತು. ಪ್ರತಿಸ್ಪರ್ಧಿ ಔಷಧಗಳು ಬಂದವು, 2024ರ ಮಧ್ಯದಿಂದ ಷೇರು ಅರ್ಧಕ್ಕಿಂತ ಕೆಳಗಿಳಿಯಿತು. 2025ರ ಸೆಪ್ಟೆಂಬರಿನಲ್ಲಿ ಕಂಪನಿ ಸುಮಾರು 9,000 ಹುದ್ದೆಗಳನ್ನು ಕಡಿತ ಮಾಡುವುದಾಗಿ ಹೇಳಿತು, ಅದರಲ್ಲಿ ಸುಮಾರು 5,000 ಡೆನ್ಮಾರ್ಕಿನಲ್ಲೇ. ಹಿಂದೆ ಫಿನ್ಲೆಂಡ್ ನೋಕಿಯಾದಿಂದ ಕಲಿತ ಪಾಠವೂ ಇದೇ. ಸಾವಿರಾರು ರೈತರ ಹೆಗಲ ಮೇಲೆ ನಿಂತದ್ದು ಸುಲಭಕ್ಕೆ ಬೀಳಲಿಲ್ಲ. ಒಂದೇ ಕಂಬಕ್ಕೆ ಒರಗಿದರೆ ಕಂಬ ಅಲುಗಿದಾಗ ಮನೆಯೂ ಅಲುಗುತ್ತದೆ.

ಈ ಕಂಪನಿಯ ದೊಡ್ಡ ಸೇವಾ ಕಚೇರಿಯೊಂದು ಬೆಂಗಳೂರಿನಲ್ಲೇ ಇದೆ. ನಮ್ಮ ಮಕ್ಕಳಂಥವರು ಅಲ್ಲಿ ದುಡಿಯುತ್ತಾರೆ. ಅದು ಸಂತೋಷವೇ. ಆದರೆ ಕಚೇರಿ ಬರುವುದು ಬೇರೆ, ಕಚೇರಿಯನ್ನು ಹುಟ್ಟಿಸಿದ ಬೇರು ಬೆಳೆಯುವುದು ಬೇರೆ. ನಮ್ಮಲ್ಲಿ ಹಳ್ಳಿಯಿಂದ ಬಂದವರು ನೆನಪಿಸಿಕೊಳ್ಳಿ: ಬೆಳಗಿನ ಜಾವ ಹಾಲಿನ ಕ್ಯಾನ್ ಹಿಡಿದು ಡೇರಿಯ ಮುಂದೆ ನಿಂತ ಸಾಲು, ಕೊಬ್ಬಿನಂಶ ಅಳೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ ಕಾರ್ಯದರ್ಶಿ. ಡೆನ್ಮಾರ್ಕಿನ ಕಥೆಯೂ ಅಂಥದೇ ಒಂದು ಸಾಲಿನಲ್ಲಿ ಶುರುವಾಯಿತು. ಆ ಸಾಲಿನ ಪಕ್ಕದಲ್ಲಿ ಶಾಲೆಯಿತ್ತು, ಸ್ವಲ್ಪ ದೂರದಲ್ಲಿ ಪ್ರಯೋಗಾಲಯವಿತ್ತು, ಮೂವರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದರು.

ಮುಂದಿನ ಬಾರಿ ಊರಿಗೆ ಹೋದಾಗ ಮಕ್ಕಳಿಗೆ ಅರಮನೆ, ಮೃಗಾಲಯದ ಜೊತೆಗೆ ಹಾಲಿನ ಡೇರಿಯನ್ನೂ ತೋರಿಸಿ. ಇನ್ನು ಹೋಳಿಗೆಯ ವಿಚಾರ: ಅರ್ಧ ತಿನ್ನಿ, ತುಪ್ಪ ಬೇಡ. ಔಷಧ ಎಲ್ಲಿಂದ ಬಂದರೂ ಊಟದ ಮೇಲೆ ಹಿಡಿತ ನಮ್ಮದೇ ಇರಬೇಕು.