ಷರಾ ಕಲಂನಲ್ಲಿ ಬರೆದದ್ದು

ಹಿಂದೆ ನಮ್ಮ ಕಡೆ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ನಾನು ಬ್ಯಾಂಕಿನ ನೌಕರಿಯಲ್ಲಿ ಅದೇ ಮಾತನ್ನು ಮನುಷ್ಯರಿಗೆ ಹೇಳಿದೆ. ‘ಸರ್ವರ್ ಡೌನ್, ನಾಳೆ ಬನ್ನಿ.’ ಈಗ ಪಡಿತರ ಅಂಗಡಿಯಿಂದ ನಾಡಕಚೇರಿವರೆಗೆ ಎಲ್ಲ ಕಡೆ ಕೇಳಿಸುವ ಆ ಮಾತನ್ನು ಕೌಂಟರಿನ ಈಚೆಗೆ ಕೂತು ಮೊದಮೊದಲು ಹೇಳಿದವರಲ್ಲಿ ನಾನೂ ಒಬ್ಬಳು. ಹೇಳುವಾಗ ನನ್ನ ಕೈ ಖಾಲಿ ಇರುತ್ತಿತ್ತು. ಆ ಕೈ ಹೇಗೆ ಖಾಲಿಯಾಯಿತು ಎನ್ನುವುದೇ ಈ ಕಥೆ.

1982ರಲ್ಲಿ ಶಿವಮೊಗ್ಗ ಜಿಲ್ಲೆಯ ಒಂದು ಶಾಖೆಗೆ ಗುಮಾಸ್ತೆಯಾಗಿ ಸೇರಿದೆ. ಮೇಜಿನ ಮೇಲೆ ಎರಡೂ ಕೈಯಲ್ಲಿ ಎತ್ತಬೇಕಾದಂಥ ಉಳಿತಾಯ ಖಾತೆ ಲೆಡ್ಜರುಗಳು. ಹಣ ತೆಗೆಯಲು ಬಂದವರ ಚೀಟಿ ತೆಗೆದುಕೊಂಡು ಹಿತ್ತಾಳೆ ಟೋಕನ್ ಕೊಡುವುದು, ಪುಟ ತೆರೆದು ಬಾಕಿ ನೋಡಿ ಖರ್ಚು ಬರೆಯುವುದು, ಅಧಿಕಾರಿ ಮಾದರಿ ಸಹಿಯ ಕಾರ್ಡಿಗೆ ಹೋಲಿಸಿ ಪಾಸ್ ಮಾಡುವುದು, ಕ್ಯಾಷಿಯರ್ ಟೋಕನ್ ನಂಬರು ಕೂಗುವುದು. ಜೂನ್ ಮತ್ತು ಡಿಸೆಂಬರಿನಲ್ಲಿ ಬಡ್ಡಿ ಕಟ್ಟುವ ಕೆಲಸ. ಪ್ರತಿ ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ. ಅದನ್ನು ಖಾತೆ ಖಾತೆಗೂ ಕೈಯಲ್ಲೇ ಹಾಕಬೇಕು. ಆ ರಾತ್ರಿಗಳಲ್ಲಿ ಪಕ್ಕದ ಹೋಟೆಲಿನಿಂದ ಇಡ್ಲಿ ತರಿಸಿ ಲೆಡ್ಜರಿನ ಪಕ್ಕದಲ್ಲೇ ತಿನ್ನುತ್ತಿದ್ದೆವು. ಪುಟಕ್ಕೆ ಚಟ್ನಿ ತಾಗಿದರೆ ದಫ್ತರಿ ಬೈಯುತ್ತಿದ್ದ.

ತಾಳೆಯಾಗದ ದಿನಗಳು ಬೇಕಾದಷ್ಟಿದ್ದವು. ಆದರೆ ಕೆಟ್ಟದ್ದನ್ನು ಹುಡುಕುವ ವಿದ್ಯೆ ನಮ್ಮ ಕೋಣೆಯಲ್ಲೇ ಇತ್ತು. ವ್ಯತ್ಯಾಸ ಬಂತೆಂದರೆ ನಮ್ಮ ಹೆಡ್ ಕ್ಲರ್ಕು ಮೊದಲು ಅದನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದರು. ಶೇಷ ಉಳಿಯದಿದ್ದರೆ, ‘ಯಾರೋ 54ನ್ನು 45 ಅಂತ ಬರೆದಿದೀರಿ, ನೋಡ್ಕಳಿ’ ಎನ್ನುತ್ತಿದ್ದರು. ಅಂಕಿ ಅದಲುಬದಲಾದರೆ ವ್ಯತ್ಯಾಸ ಒಂಬತ್ತರ ಮಗ್ಗಿಗೆ ಸಿಗುತ್ತದೆ. ತಪ್ಪು ಮಾಡಿದವರು, ಹುಡುಕುವವರು, ತಿದ್ದುವವರು ಎಲ್ಲ ಒಂದೇ ಫ್ಯಾನಿನ ಕೆಳಗೆ ಇದ್ದೆವು. ಒಂದು ಪೈಸೆ ತಾಳೆಯಾಗದಿದ್ದರೂ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಅತ್ತ ಮುಂಬಯಿಯಲ್ಲಿ ಯಂತ್ರಗಳ ಮಾತು ಆಗಲೇ ನಡೆದಿತ್ತು. ಬ್ಯಾಂಕುಗಳ ಆಡಳಿತವೂ ನೌಕರ ಸಂಘಗಳೂ 1983ರಲ್ಲಿ ಒಂದು ಒಪ್ಪಂದಕ್ಕೆ ಬಂದವು. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಬಂದ ಯಂತ್ರದ ಹೆಸರು ‘ಅಡ್ವಾನ್ಸ್‌ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್’. ನಮ್ಮ ಬಾಯಲ್ಲಿ ಎಎಲ್‌ಪಿಎಂ. ಹೆಸರಿನಲ್ಲಿ ಕಂಪ್ಯೂಟರ್ ಎಂಬ ಶಬ್ದವೇ ಇಲ್ಲ. ಕೆಲಸ ಹೋಗುತ್ತದೆ ಎಂಬ ಭಯ ಆ ಕಾಲದಲ್ಲಿ ಎಷ್ಟಿತ್ತೆಂದರೆ ಆ ಶಬ್ದ ಕೇಳಿದರೇ ಗೇಟಿನ ಮುಂದೆ ಘೋಷಣೆ ಏಳುತ್ತಿತ್ತು. ನಾನೂ ಕೂಗಿದ್ದೇನೆ. ಕೆಲಸ ಹೋಗಲಿಲ್ಲ. ಕೆಲಸವಿದ್ದೂ ಮಾಡಲಾಗದೆ ಕೂರುವ ದಿನ ಬರುತ್ತದೆಂದು ಮಾತ್ರ ನಮ್ಮ ಯಾವ ಭಾಷಣಕಾರರೂ ಹೇಳಿರಲಿಲ್ಲ.

ನಾನಿದ್ದ ಶಾಖೆಗೆ ಆ ಯಂತ್ರ ಬಂದದ್ದು 1991ರಲ್ಲಿ. ಅದಕ್ಕೊಂದು ಗಾಜಿನ ಕೋಣೆ, ಊರಿಗೆಲ್ಲ ಹೊಸದಾದ ಏಸಿ, ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮ. ಅದರ ಮುಂದೆ ಕೂರುವವರಿಗೆ ವಿಶೇಷ ಭತ್ಯೆ ಬೇರೆ. ಒಂದು ಮಳೆಗಾಲದಲ್ಲಿ ಅದು ಕೆಟ್ಟು ನಿಂತಿತು. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದೆವು. ಮೂರನೇ ದಿನ ರಾತ್ರಿ ಬಸ್ಸು ಹಿಡಿದು ಬಂದ ಇಂಜಿನಿಯರು ಮುಖ ತೊಳೆದು, ತಿಂಡಿ ತಿಂದು, ಯಂತ್ರದ ಬೆನ್ನು ಬಿಚ್ಚಿದರು. ಆ ಮೂರು ದಿನ ನಾವೇನೂ ಕಾಯಲಿಲ್ಲ. ನಂಬಿಕೆ ಕುದುರುವವರೆಗೆ ಲೆಡ್ಜರನ್ನೂ ಬರೆಯಿರಿ ಎಂದು ಆದೇಶವಿದ್ದುದರಿಂದ ಕೈಬರಹ ಜತೆಜತೆಗೇ ನಡೆದಿತ್ತು. ಯಂತ್ರ ಮಲಗಿದ್ದನ್ನು ಗ್ರಾಹಕರು ಗಮನಿಸಲೇ ಇಲ್ಲ.

ರಿಪೇರಿಯ ಚಿಂತೆ ಈ ದೇಶಕ್ಕೆ ಹೊಸದಲ್ಲ. ಕಂಪ್ಯೂಟರುಗಳನ್ನು ನೋಡಿಕೊಳ್ಳಲೆಂದೇ ಕೇಂದ್ರ ಸರ್ಕಾರ 1975ರಲ್ಲಿ ಒಂದು ಕಂಪನಿ ಹುಟ್ಟುಹಾಕಿತ್ತು, ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂದು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ಅದರ ಯಂತ್ರಗಳನ್ನು ಉಳಿಸಿಕೊಂಡದ್ದು ಆ ಸಂಸ್ಥೆಯ ಜನ. ಯಂತ್ರ ತಂದರೆ ಸಾಲದು, ಅದು ಕೆಟ್ಟಾಗ ಕೈಗೆಟಕುವ ಮನುಷ್ಯನೂ ಬೇಕೆಂಬ ಬುದ್ಧಿ ಆ ಹೆಸರಿನಲ್ಲೇ ಇತ್ತು.

ಆಮೇಲೆ ಓಟ ಶುರುವಾಯಿತು. ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್ ಅವರು, 2001ರ ಜನವರಿ 1ರ ಹೊತ್ತಿಗೆ ಬ್ಯಾಂಕುಗಳ ವ್ಯವಹಾರದಲ್ಲಿ ಶೇಕಡ 70 ಭಾಗ ಕಂಪ್ಯೂಟರಿಗೆ ಬರಬೇಕೆಂದು ಸೂಚಿಸಿದರು. ನಮ್ಮ ಶಾಖೆ 1998ರಲ್ಲೇ ಪೂರ್ತಿ ಬದಲಾಗಿತ್ತು. ಕೊನೆಯ ಲೆಡ್ಜರನ್ನು ದಫ್ತರಿ ಹೆಗಲ ಮೇಲೆ ಹೊತ್ತು ರೆಕಾರ್ಡ್ ರೂಮಿಗೆ ಹೋದ. ‘ಇನ್ನು ಇವಕ್ಕೆ ಗೆದ್ದಲೇ ಗತಿ’ ಅಂದ.

ಆದರೂ ಅಲ್ಲಿಂದ ಮುಂದಿನ ಏಳು ವರ್ಷ ನೆಮ್ಮದಿಯ ಕಾಲವೇ. ಸರ್ವರ್ ಎಂಬ ಪೆಟ್ಟಿಗೆ ನಮ್ಮ ಶಾಖೆಯೊಳಗೇ ಇತ್ತು. ನಮ್ಮ ಸಹೋದ್ಯೋಗಿಯೊಬ್ಬರಿಗೆ ತರಬೇತಿ ಕೊಟ್ಟು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಮಾಡಿದ್ದರು. ಅವರ ಪಾಸ್‌ವರ್ಡು ಅರಗು ಹಾಕಿದ ಲಕೋಟೆಯಲ್ಲಿ ತಿಜೋರಿಯೊಳಗೆ. ಬ್ಯಾಕಪ್ ಫ್ಲಾಪಿಗಳು ಸಂಜೆ ಅವರ ಊಟದ ಚೀಲದಲ್ಲಿ ಮನೆಗೆ ಹೋಗಿ ಬೆಳಿಗ್ಗೆ ಬರುತ್ತಿದ್ದವು. ಪರದೆ ಹೆಪ್ಪುಗಟ್ಟಿದರೆ, ‘ಸಾರ್, ನಿಂತೋಯ್ತು’ ಎಂದು ಕೂಗಿದರೆ ಸಾಕು. ಕೌಂಟರಿನಲ್ಲಿ ಯಾರು ಕಾಯುತ್ತಿದ್ದಾರೆ, ಅವರ ಬಸ್ಸು ಎಷ್ಟು ಗಂಟೆಗೆ ಎಂಬುದು ಅವರಿಗೂ ಕಾಣುತ್ತಿತ್ತು. ಅರ್ಧ ರಿಪೇರಿ ಆ ಕಾಣುವಿಕೆಯಲ್ಲೇ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

2005ರಲ್ಲಿ ಕೋರ್ ಬ್ಯಾಂಕಿಂಗ್ ಬಂತು. ಯಾವ ಶಾಖೆಯ ಖಾತೆಯ ಹಣವನ್ನಾದರೂ ಯಾವ ಶಾಖೆಯಲ್ಲಾದರೂ ತೆಗೆಯಬಹುದು. ಅದು ಸಣ್ಣ ಮಾತಲ್ಲ; ಬೆಂಗಳೂರಿನಲ್ಲಿ ಓದುವ ಮಗನಿಗೆ ಡಿಡಿ ಮಾಡಿಸಿ ಅಂಚೆಗೆ ಹಾಕುತ್ತಿದ್ದ ತಾಯಂದಿರನ್ನು ನಾನು ಬಲ್ಲೆ. ಆದರೆ ಅದೇ ದಿನ ನಮ್ಮ ಸರ್ವರನ್ನು ಬಿಚ್ಚಿ ಕಟ್ಟಿ ಒಯ್ದರು. ಲೆಕ್ಕವೆಲ್ಲ ದೂರದ ನಗರದ ಡೇಟಾ ಸೆಂಟರಿಗೆ ಹೋಯಿತು. ನಮಗೂ ಅದಕ್ಕೂ ನಡುವೆ ಉಳಿದದ್ದು ಒಂದು ತಂತಿ, ಗೋಡೆಗೆ ಮೊಳೆ ಹೊಡೆದು ಇಟ್ಟ ಒಂದು ಮೋಡೆಮ್.

ಮಲೆನಾಡಿನಲ್ಲಿ ತಂತಿಯನ್ನು ನಂಬಿ ಕೂರುವುದೆಂದರೇನು ಎಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮುಂಗಾರಿಗೆ ಮುಂಚಿನ ಒಂದು ಸಿಡಿಲಿಗೆ ಮೋಡೆಮ್ ಸುಟ್ಟು ವಾಸನೆ ಬಂತು. ಮರುದಿನ ತಿಂಗಳ ಒಂದನೇ ತಾರೀಖು, ಪಿಂಚಣಿಯ ದಿನ. ಹತ್ತು ಗಂಟೆಗೆ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕ.

‘ಮೇಡಂ, ಲಿಂಕ್ ಲೈಟು ಹಸಿರಾ, ಕೆಂಪಾ?’

‘ಯಾವ ಲೈಟೂ ಇಲ್ಲಪ್ಪ. ಸುಟ್ಟುಹೋಗಿದೆ.’

‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ.’

ಮಾಡಿದೆ. ಸತ್ತವನನ್ನು ತಟ್ಟಿ ಎಬ್ಬಿಸಿದ ಹಾಗಿತ್ತು. ಆಮೇಲೆ ಅದರ ಸೀರಿಯಲ್ ನಂಬರು ಕೇಳಿದ. ಸ್ಟೂಲು ಹತ್ತಿ, ಮೋಡೆಮ್ ಮಗುಚಿ, ಕನ್ನಡಕ ಮೇಲೆ ಮಾಡಿ ಓದಿ ಹೇಳಿದೆ. ಹತ್ತಂಕಿಯ ದೂರಿನ ಸಂಖ್ಯೆ ಕೊಟ್ಟ. ಆ ನಂಬರನ್ನು ಬರೆದುಕೊಂಡಾಗ, ನಿಜ ಹೇಳುತ್ತೇನೆ, ಏನೋ ಕೆಲಸವಾಯಿತು ಅನ್ನಿಸಿತು.

ಎದುರಿಗಿದ್ದ ಬೆಂಚಿನಲ್ಲಿ ಒಬ್ಬ ಅಜ್ಜಿ. ಪ್ರೈಮರಿ ಶಾಲೆ ಮೇಷ್ಟರ ಹೆಂಡತಿ, ಕುಟುಂಬ ಪಿಂಚಣಿ. ಇಪ್ಪತ್ತು ವರ್ಷದಿಂದ ಅವರ ಸಹಿ ನೋಡಿದ್ದೇನೆ. ಕೊನೆಯ ‘ಮ್ಮ’ದ ಒತ್ತು ಯಾವಾಗಲೂ ಗೆರೆ ದಾಟಿ ಕೆಳಗೆ ಬೀಳುತ್ತದೆ. ತಿಜೋರಿಯಲ್ಲಿ ಹಣವಿದೆ. ಅವರು ಅವರೇ ಎಂದು ನನಗೆ ಗೊತ್ತು. ಆದರೆ ಬಾಕಿ ಕಾಣದೆ ಪಾವತಿ ಮಾಡುವಂತಿಲ್ಲ. ನೋಡಲು ಲೆಡ್ಜರಿಲ್ಲ. ನಾವು ಆರು ಜನ ಫ್ಯಾನಿನ ಕೆಳಗೆ ಕೂತಿದ್ದೆವು. ಒಬ್ಬರು ಹಳೇ ವೋಚರುಗಳನ್ನು ಸುಮ್ಮನೆ ಕಟ್ಟಿ ಬಿಚ್ಚುತ್ತಿದ್ದರು. ಅಜ್ಜಿ ಬೈಯಲಿಲ್ಲ. ‘ಇವತ್ತು ನಿಮಗೆ ರಜೆಯಾ ಅಮ್ಮ?’ ಎಂದು ಕೇಳಿದರು.

ಎರಡನೇ ದಿನವೂ ಬಂದರು, ಹೋದರು. ಮೂರನೇ ದಿನ ಬೆಳಿಗ್ಗೆ ಸಹಾಯವಾಣಿಯಿಂದ ಸಂದೇಶ: ನಿಮ್ಮ ದೂರನ್ನು ಪರಿಹರಿಸಿ ಮುಚ್ಚಲಾಗಿದೆ. ಮೋಡೆಮ್ ಮಾತ್ರ ಗೋಡೆಯ ಮೇಲೆ ಕರಿ ಮುಖ ಮಾಡಿಕೊಂಡು ಕೂತಿತ್ತು.

ಆ ಸಂದೇಶದ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಕ್ಕನ ಮಗ ಬೆಂಗಳೂರಿನಲ್ಲಿ ಅಂಥದ್ದೇ ಸಹಾಯವಾಣಿಯ ಕೆಲಸಕ್ಕೆ ಸೇರಿದ. ‘ಚಿಕ್ಕಮ್ಮ, ಪ್ರತಿ ದೂರಿಗೂ ಒಂದು ಗಡಿಯಾರ ಓಡ್ತಿರುತ್ತೆ. ಇಷ್ಟು ಗಂಟೆಯೊಳಗೆ ಮುಗಿಸ್ಲಿಲ್ಲ ಅಂದ್ರೆ ಕಂಪನಿಗೆ ದಂಡ. ಹಂಗಾಗಿ ಬಳಕೆದಾರರ ಉತ್ತರಕ್ಕೆ ಕಾಯ್ತಿದೀವಿ ಅಂತ ಗುರುತು ಹಾಕಿದ್ರೆ ಗಡಿಯಾರ ನಿಲ್ಲುತ್ತೆ. ಉತ್ತರ ಬರ್ಲಿಲ್ಲ ಅಂದ್ರೆ ತಾನೇ ಮುಚ್ಚಿಹೋಗುತ್ತೆ’ ಎಂದ. ಅವನ ಮೇಲೆ ಕೋಪ ಬರಲಿಲ್ಲ. ಒಂದು ಪಾಳಿಯಲ್ಲಿ ಅವನೆದುರು ನಲವತ್ತು ದೂರುಗಳಿರುತ್ತವಂತೆ. ನಲವತ್ತರಲ್ಲಿ ಒಂದು ಬೆಂಚೂ ಒಬ್ಬ ಅಜ್ಜಿಯೂ ಕಾಣುವುದಿಲ್ಲ. ಅವನು ತಾಳೆ ನೋಡುವುದು ಗಡಿಯಾರಕ್ಕೆ. ನಮ್ಮ ಹೆಡ್ ಕ್ಲರ್ಕು ನೋಡುತ್ತಿದ್ದುದು ಲೆಡ್ಜರಿಗೆ. ಎರಡೂ ಲೆಕ್ಕವೇ. ಆದರೆ ಒಂದು ಲೆಕ್ಕ ನಮ್ಮ ಕೌಂಟರಿಗೆ ತಾಳೆಯಾಗದೆಯೇ ಮುಗಿದುಬಿಡುತ್ತದೆ.

ಇದು ಬ್ಯಾಂಕಿನ ಕಥೆ ಮಾತ್ರವಲ್ಲ. ಹೊಸ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ನಮ್ಮ ರಾಜ್ಯದ 177 ತಾಲ್ಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ತಂದಾಗ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಲಂಚ, ತಿದ್ದುಪಡಿಗಳಿಂದ ಬೇಸತ್ತ ರೈತರಿಗೆ ಅದು ಬೇಕಾಗಿಯೇ ಇತ್ತು. ಆದರೆ ಕೈ ಬರೆದದ್ದು ನಡೆಯುವುದಿಲ್ಲವೆಂದು ಆದ ಮೇಲೆ, ಪರದೆ ನಿಂತಾಗ ಕೈಯೂ ನಿಲ್ಲಲೇಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಜಗತ್ತಿನ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬಹುಪಾಲನ್ನು ಯಾರಾದರೂ ಹತ್ತಿರ ಹೋಗಿ, ಒಂದೊಂದನ್ನೇ ಕೈಯಲ್ಲಿ ಎಬ್ಬಿಸಬೇಕಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿ ಎಲ್ಲರೂ ನಕ್ಕರು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಅವರಿಗೆ ಬರೆಯಲು ಬಿಟ್ಟಿದ್ದರಲ್ಲ!

ಆ ಮೋಡೆಮ್ ಸುಟ್ಟ ವರ್ಷದ ಮಳೆಗಾಲದ ನಂತರ ನಮ್ಮ ಮೇಲಿನ ಕಚೇರಿ ಹೊಸದೊಂದು ರಿಜಿಸ್ಟರ್ ಇಡಲು ಹೇಳಿತು. ಡೌನ್‌ಟೈಮ್ ರಿಜಿಸ್ಟರ್. ಲಿಂಕ್ ಹೋದ ಸಮಯ, ಬಂದ ಸಮಯ, ದೂರಿನ ಸಂಖ್ಯೆ, ಕೊನೆಗೆ ಷರಾ. ಬ್ಯಾಂಕಿನಲ್ಲಿ ಗುಂಡುಸೂಜಿಗೂ ಅಂಚೆಚೀಟಿಗೂ ಪುಸ್ತಕವುಂಟು; ಖಾಲಿ ಕೂತ ಹೊತ್ತಿಗೂ ಕೊನೆಗೊಂದು ಪುಸ್ತಕ ಬಂತು. ಅದರಲ್ಲಿ ಗ್ರಾಹಕರಿಗೆ ಕಲಂ ಇರಲಿಲ್ಲ. ಹಾಗಾಗಿ 2018ರಲ್ಲಿ ನಿವೃತ್ತಿಯಾಗುವವರೆಗೆ ನಾನು ಷರಾ ಜಾಗದಲ್ಲಿ ಅವರನ್ನು ಬರೆದೆ. ಅಡಿಕೆ ಮಾರಿದ ಚೆಕ್ಕು ಹಿಡಿದು ಬಂದವರು, ಆಸ್ಪತ್ರೆಗೆ ದುಡ್ಡು ಬೇಕಾದವರು, ಕಾಲೇಜಿನ ಫೀಸಿಗೆ ಕೊನೆಯ ದಿನ ಬಂದವರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಒಮ್ಮೆ, ‘ಇದೇನು ಮೇಡಂ, ಇಲ್ಲಿ ಕಾರಣ ಬರೀಬೇಕು’ ಎಂದರು.

‘ಅದನ್ನೇ ಬರೆದಿದೀನಿ ಸಾರ್’ ಅಂದೆ.

ಆ ಪುಸ್ತಕದ ಮೊದಲ ಸಾಲು ಮಾತ್ರ ನಾನು ಹಿಂದಿನ ತಾರೀಖು ಹಾಕಿ ಬರೆದದ್ದು. ಲಿಂಕ್ ಹೋದದ್ದು ಹತ್ತು ಗಂಟೆ, ಬಂದದ್ದು ನಾಲ್ಕನೇ ದಿನ ಮಧ್ಯಾಹ್ನ. ಷರಾ: ‘ಪಿಂಚಣಿ ಅಜ್ಜಿ, ಮೂರು ಸಲ ವಾಪಸ್. ಬಸ್ ಚಾರ್ಜು ಅವರದೇ.’