ಆಳಂದ ಸೀಮೆಯ ಗ್ರಾಮಾಧಿಕಾರ

ಅಧಿಕಾರದ ಸ್ವರೂಪವನ್ನು ಅರಿಯಲು ಪ್ರಭುಗಳ ಚರಿತ್ರೆಯೊಂದೇ ಸಾಲದು. ಅವರ ಆಜ್ಞೆಯು ರೈತನ ಬಾಗಿಲನ್ನು ಮುಟ್ಟಿದ ಬಗೆಯನ್ನೂ ನೋಡಬೇಕು. ಸರಸಂಬಾ ಗ್ರಾಮವಿರುವ ಆಳಂದ ಸೀಮೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

1853ರಲ್ಲಿ ಹೈದರಾಬಾದು ಸಂಸ್ಥಾನದ ದಿವಾನಪದವಿಗೆ ಬಂದ ಮೊದಲನೆಯ ಸಾಲಾರ್ ಜಂಗನು ಕಂದಾಯದ ಗುತ್ತಿಗೆಯನ್ನು ಕ್ರಮವಾಗಿ ತೊಲಗಿಸಿ, 1865ರಲ್ಲಿ ಜಿಲ್ಲೆಗಳನ್ನು ಏರ್ಪಡಿಸಿ, ಸಂಬಳದ ತಾಲ್ಲೂಕುದಾರರನ್ನು ನಿಯಮಿಸಿದನು. ಈ ಏರ್ಪಾಡು ಸರ್ಕಾರದ ನೇರಾಡಳಿತದಲ್ಲಿದ್ದ ದಿವಾನಿ ಪ್ರದೇಶಕ್ಕೆ ಸಂಬಂಧಿಸಿದುದು. ಆಳಂದವಾದರೋ ಪಾಯಿಗಾ ತಾಲ್ಲೂಕಿನ ಕಸಬೆಯಾಗಿದ್ದಿತು. ಸೈನ್ಯಪೋಷಣೆಗಾಗಿ ಶಂಸುಲ್ ಉಮರಾ ಮನೆತನಕ್ಕೆ ದತ್ತವಾದ ಪಾಯಿಗಾಗಳಲ್ಲಿ ಅಧಿಕಾರಿಗಳು ಆ ಅಮೀರರಿಗೇ ಉತ್ತರವಾದಿಗಳಾಗಿದ್ದರು.

ಮೇಲಣ ಪ್ರಭುತ್ವವು ಹೀಗೆ ಇಬ್ಭಾಗವಾಗಿದ್ದರೂ, ಸಂಸ್ಥಾನದ ಹಳ್ಳಿಯಲ್ಲಿ ಅಧಿಕಾರವು ಸಾಮಾನ್ಯವಾಗಿ ಮೂವರಲ್ಲಿ ಹಂಚಿದ್ದಿತು: ವಸೂಲಿಗೆ ಮಾಲೀ ಪಾಟೀಲ, ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಕುಲಕರ್ಣಿ. ಹಣ ಪಡೆಯುವವನೇ ಲೆಕ್ಕ ಬರೆಯಬಾರದೆಂಬ ವಿವೇಕವು ಈ ವಿಭಜನೆಯಲ್ಲಿದೆ. ಆದರೆ ಈ ಹುದ್ದೆಗಳು ವಂಶಪಾರಂಪರ್ಯವಾಗಿ ಬಂದುದರಿಂದ, ಪರಸ್ಪರ ತಡೆಯಾಗಬೇಕಾದುದು ಪರಸ್ಪರ ಒಪ್ಪಂದವಾಗಲು ಎಡೆಯಿದ್ದಿತು. ಅಕ್ಷರವನ್ನರಿಯದ ರೈತನ ಹೊಲದ ಹಕ್ಕೂ ತೆರಿಗೆಯ ಬಾಕಿಯೂ ಕುಲಕರ್ಣಿಯ ದಫ್ತರದಲ್ಲಿ ಅಡಗಿದ್ದುವು. ಅದನ್ನು ಓದಿ ಸರಿನೋಡುವ ಶಕ್ತಿಯು ಅವನಿಗಿರಲಿಲ್ಲ.

1949ರಲ್ಲಿ ಜಾಗೀರುಗಳೊಡನೆ ಪಾಯಿಗಾಗಳೂ ರದ್ದಾದುವು. 1956ರಲ್ಲಿ ಆಳಂದವು ಮೈಸೂರು ರಾಜ್ಯಕ್ಕೆ ಸೇರಿತು. ವಂಶಪಾರಂಪರ್ಯದ ಗ್ರಾಮಾಧಿಕಾರವು ಮಾತ್ರ, ಅದನ್ನು ರದ್ದುಗೊಳಿಸಿದ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬರುವವರೆಗೂ ನಿಂತಿತು. ಅಮೀರನ ಸನದಿಗಿಂತ ಕುಲಕರ್ಣಿಯ ದಫ್ತರವೇ ದೀರ್ಘಾಯುವಾಯಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.