ಪಾಪವೆಂಬ ಮಾತು

ಬೈಬಲನ್ನು ಕನ್ನಡಿಸಿದ ಆದ್ಯರಲ್ಲೊಬ್ಬರಾದ ಜಾನ್ ಹ್ಯಾಂಡ್ಸ್ ಪಾದ್ರಿಗಳು 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಬೈಬಲ್ ದೈವದ್ರೋಹಕ್ಕೆ ಹೊಸ ಪದವನ್ನು ಕಟ್ಟದೆ ನಮ್ಮ ‘ಪಾಪ’ವನ್ನೇ ಸ್ವೀಕರಿಸಿತು. ಆ ಮಾತಿಗೆ ನಮ್ಮಲ್ಲಿ ದುಷ್ಕೃತವೆಂದೂ, ಉದ್ಗಾರವಾದಾಗ ಮರುಕವೆಂದೂ ಎರಡರ್ಥಗಳುಂಟಷ್ಟೆ. ದಾವೀದರಾಜನ ಕಥೆಯಲ್ಲಿ ಇವೆರಡೂ ಕೂಡುತ್ತವೆ. ಊರೀಯನ ಪತ್ನಿಯನ್ನು ಅಪಹರಿಸಿ, ಅವನನ್ನು ರಣರಂಗದಲ್ಲಿ ಕೊಲ್ಲಿಸಿದ ಆ ಅರಸನಿಗೆ ಪ್ರವಾದಿಯಾದ ನಾತಾನನು, ಬಡವನ ಒಂದೇ ಕುರಿಮರಿಯನ್ನು ಕಸಿದ ಧನಿಕನೊಬ್ಬನ ವೃತ್ತಾಂತವನ್ನು ಹೇಳಿದನು. ಅರಸನು ಕೆರಳಿ, ಧನಿಕನು ಮರಣಕ್ಕೆ ಪಾತ್ರನೆಂದನು. ಆ ಧನಿಕನು ತಾನೇ ಎಂದರಿತಾಗ ತಪ್ಪೊಪ್ಪಿದನು. ಪಾಪವಿಮೋಚನೆಗೆ ಮನುಸ್ಮೃತಿಯ 11ನೆಯ ಅಧ್ಯಾಯವೂ ಮೊದಲು ಹೇಳುವುದು ಖ್ಯಾಪನವನ್ನು, ಬಳಿಕ ಅನುತಾಪವನ್ನು. ಆದುದರಿಂದಲೇ ಪರದೇಶದ ಆ ಕಥೆಗೆ ನಮ್ಮ ಮಾತು ಒಗ್ಗಿತು. ಪರರಿಗಾಗಿ ‘ಪಾಪ!’ ಎನ್ನುವ ನಾಲಗೆಯು ತನ್ನ ಪಾಪವನ್ನೂ ನುಡಿಯಬಲ್ಲುದೇ ಎಂಬುದೇ ಉಳಿದ ಪರೀಕ್ಷೆ.